ಸರ್ಗೋಧೆಯಿಂದ ಮರಳದ ದೇವಯ್ಯನವರು

ಕೊಡಗಿನ ಪಾಲಿಗೆ ೧೯೬೫ನೆಯ ಇಸವಿ ಎಂತಹ ವರ್ಷವಾಗಿತ್ತೆಂಬುದನ್ನು ಆ ದಿನಗಳನ್ನು ಕಂಡವರಲ್ಲದೆ ಇತರರು ಪೂರ್ಣವಾಗಿ ಊಹಿಸಲಾರರು. ಗದ್ದೆಯ ನಾಟಿ ಮುಗಿದು, ಮಳೆ ಕೊಂಚ ಹಿಂಜರಿದು, ಮನೆಮನೆಯ ಕೋವಿಗಳನ್ನೂ ಕತ್ತಿಗಳನ್ನೂ ತಿಕ್ಕಿ ತೊಳೆದು ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುವ ಕೈಲ್‌ಮುಹೂರ್ತ ಸೆಪ್ಟೆಂಬರ್ ೩ರಂದು ಎಂದಿನಂತೆ ನಡೆಯಿತು. ಆದರೆ ಪೂಜೆಗಿಟ್ಟ ಕೋವಿಯ ಮುಂದೆ ಕೈಮುಗಿದು ನಿಂತ ತಾಯಂದಿರ ಮನಸ್ಸು ಆ ಸಲ ಹಬ್ಬದಲ್ಲಿರಲಿಲ್ಲ. ಛಾಂಬ್ ಪ್ರದೇಶದಲ್ಲಿ ಎರಡು ದಿನ ಮೊದಲೇ ಪಾಕಿಸ್ತಾನದೊಡನೆ ಯುದ್ಧ ಹೊತ್ತಿಕೊಂಡಿತ್ತು, ಸೈನ್ಯದಲ್ಲಿ ಒಬ್ಬ ಮಗನೋ ಅಳಿಯನೋ ಇಲ್ಲದ ಒಕ್ಕ ಆ ನಾಡಿನಲ್ಲಿ ವಿರಳವಾಗಿತ್ತು. ಮೂರು ದಿನ ಕಳೆಯುವಷ್ಟರಲ್ಲಿ ನಮ್ಮ ಸೈನ್ಯ ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನ ಕಡೆಗೆ ನಡೆಯಿತು. ಅದರ ಮರುದಿನ, ಸೆಪ್ಟೆಂಬರ್ ೭ರ ಬೆಳಗಿನ ಜಾವ, ಕೊಡಗಿನ ಒಬ್ಬ ವೈಮಾನಿಕರು ಪಂಜಾಬಿನ ಆದಂಪುರ ವಿಮಾನನೆಲೆಯಿಂದ ಆಕಾಶಕ್ಕೇರಿದರು. ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. ಅಂದು ಅವರಿಗೆ ಮೂವತ್ತೆರಡು ವರ್ಷ ವಯಸ್ಸು. ಪತ್ನಿಯೂ ಇಬ್ಬರು ಪುಟ್ಟ ಹೆಣ್ಣುಮಕ್ಕಳೂ ಇದ್ದ ಸಂಸಾರ.

ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ಮಡಿಕೇರಿಯಲ್ಲಿ ಹುಟ್ಟಿ ಬೆಳೆದು, ಹದಿಹರೆಯ ಕಳೆಯುತ್ತಿದ್ದಂತೆಯೇ ವಾಯುಸೇನೆಯನ್ನು ಸೇರಿ, ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಜಾಲಹಳ್ಳಿಯ ತರಬೇತಿ ಶಾಲೆಯಲ್ಲಿ ವಿಮಾನದ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಲಿಯುತ್ತಿದ್ದ ಎಳೆಯ ಏರ್‌ಮನ್ ನಾನು. ಆದರೆ ಮುಂದೆ ನನ್ನ ಸೇವೆಯ ಬಹುಕಾಲ ಕಳೆದದ್ದು ಅವರು ಹಾರಿಸಿದಂತಹ ಮಿಸ್ಟೇರ್ ವಿಮಾನಗಳ ಹೊಟ್ಟೆಯ ಕೆಳಗೇ. ಆ ಕಾರಣದಿಂದಲೂ, ಅವರು ನಮ್ಮ ಊರಿನ ಕಡೆಯವರೆಂಬ ಅಭಿಮಾನದಿಂದಲೂ, ಎಲ್ಲಕ್ಕಿಂತ ಮಿಗಿಲಾಗಿ ನಾನೂ ಹೆಂಡತಿ ಮಕ್ಕಳನ್ನು ದೂರದಲ್ಲಿಟ್ಟು ಬದುಕಿದವನೆಂಬ ಕಾರಣದಿಂದಲೂ ಅವರ ಬಾಳು ನನ್ನ ಚಿತ್ತವನ್ನು ಬಿಟ್ಟು ಅಗಲಿದುದಿಲ್ಲ.

ದೇವಯ್ಯನವರು ಹುಟ್ಟಿದುದು ೧೯೩೨ರ ಡಿಸೆಂಬರ್ ೨೪ರಂದು. ಭಾರತದ ವಾಯುಸೇನೆ ಸ್ಥಾಪಿತವಾದುದು ಅದೇ ವರ್ಷದ ಅಕ್ಟೋಬರ್ ೮ರಂದು. ಹೀಗೆ ಆ ಸೇನೆಯೂ ಈ ಶಿಶುವೂ ಒಂದೇ ಋತುಮಾನದಲ್ಲಿ ಕಣ್ದೆರೆದವು. ಅವರು ೧೯೫೪ರಲ್ಲಿ ವೈಮಾನಿಕರಾಗಿ ಸೇನೆಯನ್ನು ಪ್ರವೇಶಿಸಿದಾಗ ಕೊಡಗು ಇನ್ನೂ ಮೈಸೂರಿನಲ್ಲಿ ವಿಲೀನವಾಗದೆ ಪ್ರತ್ಯೇಕ ರಾಜ್ಯವಾಗಿಯೇ ಇದ್ದಿತು. ಕಾಲಾಳುಗಳಾಗಿಯೂ ದಳಪತಿಗಳಾಗಿಯೂ ಹೆಸರು ಪಡೆದ ಕೊಡಗಿನವರಲ್ಲಿ ಆಕಾಶವನ್ನು ಆರಿಸಿಕೊಂಡವರು ಆಗ ಕಡಿಮೆ. ಸೇನೆಯಲ್ಲಿ ಅವರು ಬರಿಯ ವೈಮಾನಿಕರಾಗಿ ಉಳಿಯದೆ ಇತರರಿಗೆ ಹಾರುವುದನ್ನು ಕಲಿಸುವ ಶಿಕ್ಷಕರಾದರು. ಯುದ್ಧ ಒದಗಿದಾಗಲೂ ಆ ಕೆಲಸದಲ್ಲಿಯೇ ಇದ್ದು, ಅಲ್ಲಿಂದ ೧ನೆಯ ದಳಕ್ಕೆ, ‘ಟೈಗರ್ಸ್’ ಎಂದು ಹೆಸರಾದ ದಳಕ್ಕೆ, ಬಂದು ಸೇರಿದರು. ೧೯೩೩ರ ಏಪ್ರಿಲ್ ೧ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಜನ್ಮತಾಳಿದ ನಮ್ಮ ವಾಯುಸೇನೆಯ ಅತ್ಯಂತ ಹಳೆಯ ದಳವದು.

ಶಿಕ್ಷಕನಾದ ವೈಮಾನಿಕನನ್ನು ನಾವು ಕೆಳಗಿನ ಕೆಲಸದವರು ದೂರದಿಂದಲೇ ಗುರುತಿಸುತ್ತಿದ್ದೆವು. ಆತ ವಿಮಾನವನ್ನು ಹತ್ತುವ ಮುನ್ನ ಅದರ ಸುತ್ತ ನಡೆದು ಬರುವ ರೀತಿಯೇ ಬೇರೆ. ಚಕ್ರದ ಮೇಲೆ ಕೈಯಾಡಿಸಿ, ರೆಕ್ಕೆಯ ಅಂಚನ್ನು ಸವರಿ, ಇಂಜಿನ್ನಿನ ಬಾಯಲ್ಲಿ ಇಣುಕಿ ನೋಡಿ, ‘ಫಾರ್ಮ್ ೭೦೦’ ಎಂದು ನಾವು ಕರೆಯುತ್ತಿದ್ದ ದಪ್ಪ ಪುಸ್ತಕದ ಪುಟವನ್ನು ಸಾವಧಾನವಾಗಿ ಓದಿದ ಮೇಲೆಯೇ ಆತನ ಸಹಿ ಬೀಳುವುದು. ವಿಮಾನದಲ್ಲಿ ಏನೇನು ದುರಸ್ತಿಯಾಯಿತು, ಯಾರು ಮಾಡಿದರು, ಎಣ್ಣೆ ಎಷ್ಟು ತುಂಬಿತು, ಎಲ್ಲವೂ ಆ ಪುಸ್ತಕದಲ್ಲಿ ನಮ್ಮ ಸಹಿಗಳ ಸಮೇತ ಇರುವುದು. ಅವುಗಳ ಕೆಳಗೆ ವೈಮಾನಿಕನ ಸಹಿ ಬಿದ್ದ ಕ್ಷಣದಿಂದ ಆ ಯಂತ್ರ ಅವನದು. ವಿಮಾನ ಮೇಲಕ್ಕೇರುವುದು, ಪುಸ್ತಕ ಮಾತ್ರ ನೆಲದ ಮೇಲೆಯೇ ಉಳಿಯುವುದು. ಹೋದವನು ಬಂದು ಮರಳಿ ಬರೆಯುವವರೆಗೂ ಮುಂದಿನ ಸಾಲು ಖಾಲಿ. ಯುದ್ಧಕಾಲದಲ್ಲಿ ಅಂತಹ ಖಾಲಿ ಸಾಲನ್ನು ಕಂಡ ಫಿಟ್ಟರುಗಳು ತಮ್ಮ ಬಾಳಿನುದ್ದಕ್ಕೂ ತಾವು ಬಿಗಿದ ಒಂದೊಂದು ತಿರುಪನ್ನೂ ಮನಸ್ಸಿನಲ್ಲಿ ಮತ್ತೆ ಮತ್ತೆ ಬಿಗಿಯುತ್ತಿರುವುದನ್ನು ನಾನು ಬಲ್ಲೆನು.

ಮಿಸ್ಟೇರ್ ಫ್ರಾನ್ಸ್ ದೇಶದ ದಸೋ ಕಂಪನಿಯ ವಿಮಾನ. ೧೯೫೭ರಿಂದ ನಮ್ಮ ಸೇನೆಗೆ ಬಂದುದು. ಒಬ್ಬನೇ ಕೂರುವ ಕಾಕ್‌ಪಿಟ್ಟು, ಹಿಂದಕ್ಕೆ ಬಾಗಿದ ರೆಕ್ಕೆಗಳು, ಮೂತಿಯ ಕೆಳಗೆ ೩೦ ಮಿಲಿಮೀಟರಿನ ಎರಡು ಫಿರಂಗಿಗಳು. ಒಳ್ಳೆಯ ಗಟ್ಟಿ ಯಂತ್ರವೆಂದು ಅದನ್ನು ಕೈಯಿಂದ ಮುಟ್ಟಿದ ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ನೇರವಾಗಿ ಹಾರುವಾಗ ಅದು ಶಬ್ದದ ವೇಗವನ್ನು ಮುಟ್ಟಲಾರದು. ಎದುರು ಪಕ್ಷದವರ ಬಳಿ ಅಮೆರಿಕದಿಂದ ಬಂದ ಸ್ಟಾರ್‌ಫೈಟರ್ ಇದ್ದಿತು. ಶಬ್ದದ ಎರಡರಷ್ಟು ವೇಗ ಅದರದು, ಬೆಂಕಿಯ ಜಾಡನ್ನು ಹಿಡಿದು ಬೆನ್ನಟ್ಟುವ ಸೈಡ್‌ವೈಂಡರ್ ಕ್ಷಿಪಣಿಗಳು ಅದರ ಆಯುಧ. ಅಂತಹುದೊಂದು ಮಿಸ್ಟೇರಿನ ಬೆನ್ನ ಹಿಂದೆ ಬಿದ್ದಿತೆಂದರೆ, ಓಡಿ ತಪ್ಪಿಸಿಕೊಳ್ಳುವ ಮಾತು ಇಲ್ಲವೆಂದೇ ಎಲ್ಲರೂ ತಿಳಿದಿದ್ದರು.

ಸೆಪ್ಟೆಂಬರ್ ೬ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ಮೇಲೆರಗಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಅದೇ ರಾತ್ರಿ ಆದಂಪುರ, ಹಲ್ವಾರಾ, ಪಠಾಣಕೋಟೆಗಳ ಸುತ್ತಮುತ್ತ ಶತ್ರುಗಳ ಛತ್ರಿಸೈನಿಕರು ಇಳಿದರು. ಕತ್ತಲಲ್ಲಿ ಯಾರ ಹೆಜ್ಜೆ ಎಲ್ಲಿಂದ ಕೇಳಿಸುವುದೋ ಎಂಬ ಆತಂಕದ ನಡುವೆ, ದೀಪವನ್ನು ಮರೆಮಾಡಿ, ಆದಂಪುರದ ನೆಲದ ಕೆಲಸಗಾರರು ಮಿಸ್ಟೇರುಗಳಿಗೆ ಎಣ್ಣೆಯನ್ನೂ ಮದ್ದುಗುಂಡನ್ನೂ ತುಂಬಿದರು. ಆ ರಾತ್ರಿ ಅಲ್ಲಿ ದುಡಿದ ಹಿರಿಯ ಸಹೋದ್ಯೋಗಿಗಳ ಬಾಯಿಂದ ಈ ಮಾತನ್ನು ನಾನು ಮುಂದೆ ಕೇಳಿದಾಗ, ಅವರು ಹೆದರಿಕೆಯನ್ನು ಮುಚ್ಚಿಡಲೂ ಇಲ್ಲ, ಶೌರ್ಯವನ್ನು ಕೊಚ್ಚಿಕೊಳ್ಳಲೂ ಇಲ್ಲ. ಕೆಲಸ ಎಷ್ಟಿದ್ದಿತೆಂಬುದನ್ನು ಮಾತ್ರ ಹೇಳಿದರು.

ಬೆಳಗಾಗುವುದಕ್ಕೆ ಮುನ್ನ, ವಿಂಗ್ ಕಮಾಂಡರ್ ಓ. ಪಿ. ತನೇಜರ ನಾಯಕತ್ವದಲ್ಲಿ, ೧೨ ಮಿಸ್ಟೇರುಗಳು ಸರ್ಗೋಧೆಯ ಕಡೆಗೆ ಹೊರಡಬೇಕೆಂದು ನಿಶ್ಚಯವಾಗಿತ್ತು. ಸರ್ಗೋಧೆ ಪಾಕಿಸ್ತಾನದ ವಾಯುಬಲದ ಹೃದಯಸ್ಥಾನ; ವಿಮಾನಗಳ ಸಾಂದ್ರತೆಯಿಂದಲೂ ರಕ್ಷಣೆಯ ಬಿಗಿಯಿಂದಲೂ ಅದನ್ನು ಮುಟ್ಟುವುದು ಸುಲಭವಲ್ಲ. ದೂರವೂ ಹೆಚ್ಚು. ರೇಡಾರಿನ ಕಣ್ಣು ತಪ್ಪಿಸಲು ಮರಗಳ ತಲೆಯ ಮೇಲೆಯೇ ಹಾರಬೇಕು, ಹಾಗೆ ಹಾರಿದರೆ ಎಣ್ಣೆ ಬೇಗ ಉರಿದುಹೋಗುವುದು. ಗುರಿಯ ಮೇಲೆ ಕಳೆಯಬಹುದಾದ ಕ್ಷಣಗಳು ಅತ್ಯಲ್ಪ, ದಾರಿಯಲ್ಲಿ ಹೋರಾಡುತ್ತ ನಿಲ್ಲುವಷ್ಟು ಎಣ್ಣೆಯ ಅನುಕೂಲ ಯಾರಿಗೂ ಇಲ್ಲ. ಈ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಯಾವುದಾದರೊಂದು ವಿಮಾನ ಕೆಟ್ಟು ನಿಂತರೆ ಅದರ ಜಾಗಕ್ಕೆಂದು ಅವರನ್ನು ಸ್ಟ್ಯಾಂಡ್‌ಬೈ ಆಗಿ ಇರಿಸಿದ್ದರು.

ಸ್ಟ್ಯಾಂಡ್‌ಬೈ ಆಗಿ ಕಾಯುವವನ ಸ್ಥಿತಿಯನ್ನು ನಾನು ಅನೇಕ ಬಾರಿ ಹತ್ತಿರದಿಂದ ಕಂಡಿದ್ದೇನೆ. ಏಣಿಯನ್ನು ಹತ್ತಿ ಆತನ ಹೆಗಲ ಪಟ್ಟಿಗಳನ್ನು ಬಿಗಿದು, ಹೊರಕ್ಕೆ ಚಿಮ್ಮಿಸುವ ಆಸನದ ಸುರಕ್ಷತೆಯ ಪಿನ್ನುಗಳನ್ನು ಕಿತ್ತು ಆತನ ಕಣ್ಣಿಗೆ ತೋರಿಸಿ ಇಳಿಯುವವರು ನಾವೇ. ಇತರರಿಗೆ ಹೋಗುವೆವೆಂಬ ನಿಶ್ಚಯವಾದರೂ ಇರುತ್ತದೆ. ಇವನಿಗೆ ಅದೂ ಇಲ್ಲ. ಹೋಗದಿದ್ದರೆ ಕೆಳಗಿಳಿದು ಹೆಂಡತಿಗೆ ಕಾಗದ ಬರೆಯಬಹುದು, ಹೋದರೆ ಹೇಗೋ ಏನೋ. ಎರಡು ಸಾಧ್ಯತೆಗಳನ್ನೂ ಸಮವಾಗಿ ಹೊತ್ತುಕೊಂಡು, ಮುಖದ ಒಂದು ಗೆರೆಯೂ ಕದಲದಂತೆ ಕುಳಿತಿರುವುದು ಸಾಮಾನ್ಯ ಸಂಯಮದ ಮಾತಲ್ಲ. ಅಂದು ದೇವಯ್ಯನವರ ಪಾಲಿಗೆ ಹೋಗುವ ಸಂದರ್ಭವೇ ಒದಗಿತು. ಅವರು ನೆಲವನ್ನು ಬಿಟ್ಟೆದ್ದು ಮುಂದೆ ಹೋದವರನ್ನು ಕೂಡಿಕೊಂಡರು.

ಮಿಸ್ಟೇರುಗಳು ಸರ್ಗೋಧೆಯನ್ನು ಮುಟ್ಟಿ, ದಾಳಿಮಾಡಿ, ಮರಳಿದವು. ದೇವಯ್ಯನವರು ಮರಳಲಿಲ್ಲ. ಅವರಿಗೇನಾಯಿತೆಂಬುದನ್ನು ಕಂಡವರು ಜೊತೆಯವರಲ್ಲಿ ಒಬ್ಬರೂ ಇರಲಿಲ್ಲ. ದಾಖಲೆಯಲ್ಲಿ ಅವರು ಕಾಣೆಯಾದವರೆಂದು ಸೇರಿದರು. ಕಾಲಾನಂತರ ಮೃತರೆಂದು ಭಾವಿಸಲಾಯಿತು.

ವಿಮಾನನೆಲೆಯ ವಸತಿಗೃಹಗಳಲ್ಲಿ ಸಂಸಾರ ಮಾಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅಲ್ಲಿಯ ಹೆಂಗಸರು ಬೇಳೆ ಬೇಯಿಸುತ್ತಿರಲಿ, ಮಗುವಿಗೆ ಎಣ್ಣೆ ಹಚ್ಚುತ್ತಿರಲಿ, ಅವರ ಕಿವಿ ರನ್‌ವೇಯ ಕಡೆಗೇ ಇರುತ್ತದೆ. ಎಷ್ಟು ಎದ್ದವು, ಎಷ್ಟು ಇಳಿದವು ಎಂಬ ಲೆಕ್ಕ ಯಾರೂ ಕಲಿಸದೆಯೇ ಅವರಿಗೆ ಬಂದುಬಿಡುತ್ತದೆ. ನನ್ನ ಹೆಂಡತಿ ವೈಮಾನಿಕನ ಹೆಂಡತಿಯಲ್ಲ, ಫಿಟ್ಟರನ ಹೆಂಡತಿ. ಆಕೆಗೂ ಆ ಅಭ್ಯಾಸ ತಪ್ಪಲಿಲ್ಲ. ಒಂದು ಮಧ್ಯಾಹ್ನ ನಾನು ಮನೆಗೆ ಬಂದು ಕೈತೊಳೆಯುವ ಮೊದಲೇ, “ನಾಲ್ಕು ಹೋದವಲ್ಲ ರೀ, ಮೂರೇ ಇಳಿದದ್ದು?” ಎಂದು ಕೇಳಿದಳು. ನಾಲ್ಕನೆಯದು ಎಣ್ಣೆ ಸಾಲದೆ ಬೇರೊಂದು ನೆಲೆಯಲ್ಲಿ ಇಳಿದಿತ್ತು. ಹಾಗೆಂದು ಹೇಳಿದ ಮೇಲೆಯೇ ಆಕೆ ತಟ್ಟೆ ಹಾಕಿದಳು. ಅನಂತರ ಪಕ್ಕದ ಮನೆಗೂ ಹೋಗಿ ಆ ಸುದ್ದಿಯನ್ನು ಮುಟ್ಟಿಸಿ ಬಂದಳು. ಗಂಡಸರನ್ನು ಯುದ್ಧಕ್ಕೆ ಕಳುಹಿಸಿ ಊರಿನಲ್ಲಿಯೇ ಉಳಿದವರಿಗೆ ಈ ಲೆಕ್ಕದ ಸಮಾಧಾನವೂ ಇಲ್ಲ. ‘೫೬ ಎ.ಪಿ.ಓ.’ ಎಂಬ ಸೇನೆಯ ಅಂಚೆಯ ವಿಳಾಸ ಅವರಿಗೆ ಗೊತ್ತು. ಆ ವಿಳಾಸ ಯಾವ ಊರು, ಯಾವ ದಿಕ್ಕು ಎಂಬುದು ಗೊತ್ತಿಲ್ಲ. ಟಪಾಲಿನವನು ಬೀದಿಯ ತುದಿಯಲ್ಲಿ ಕಂಡರೆ ಎದೆ ಹಾರುವುದು, ಕಾಣದಿದ್ದರೂ ಹಾರುವುದು.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೊಂದರಂತೆ ಎರಡು. ಆ ಎರಡು ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ತಿಳಿಸಿದೊಡನೆ ಕೈಕೆಲಸವನ್ನು ಬಿಟ್ಟು ಊರಿನವರು ಆ ಮನೆಗೆ ನಡೆದು ಬರುತ್ತಾರೆ. ದುಃಖ ಒಬ್ಬರದಾಗಿ ಉಳಿಯದಂತೆ ಹಿರಿಯರು ಮಾಡಿಟ್ಟ ವ್ಯವಸ್ಥೆಯದು. ಆದರೆ ಕಾಣೆಯಾದವನಿಗಾಗಿ ಆ ಎರಡು ಗುಂಡುಗಳನ್ನು ಯಾವ ದಿನ ಹಾರಿಸುವುದು? ಹಾರಿಸಿದರೆ ಆಸೆಯನ್ನು ಕೊಂದಂತೆ, ಹಾರಿಸದಿದ್ದರೆ ದುಃಖಕ್ಕೆ ಬಾಗಿಲನ್ನೇ ತೆರೆಯದಂತೆ. ಯುದ್ಧದಲ್ಲಿ ಮಡಿದವರ ಮನೆಗಿಂತ ಮರಳದವರ ಮನೆಯ ವ್ಯಥೆ ಕಠಿಣವೆಂದು ನಾನು ಎಣಿಸುವುದು ಈ ಕಾರಣದಿಂದಲೇ.

ಅದೇ ಸೆಪ್ಟೆಂಬರಿನ ೨೨ರಂದು, ಕದನವಿರಾಮಕ್ಕೆ ಒಂದು ದಿನ ಮಾತ್ರ ಉಳಿದಿರುವಾಗ, ಕೊಡಗಿನವರೇ ಆದ ಜನರಲ್ ಕಾರ್ಯಪ್ಪನವರ ಪುತ್ರರು ಹಾರಿಸುತ್ತಿದ್ದ ಹಂಟರ್ ವಿಮಾನ ನೆಲದಿಂದ ಬಂದ ಗುಂಡಿಗೆ ಸಿಕ್ಕಿ ಬಿದ್ದು ಅವರು ಸೆರೆಯಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಮಗನನ್ನು ಬಿಡಿಸಿ ಕಳುಹಿಸಲು ಮುಂದಾದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮಗೆ ಮಕ್ಕಳೇ ಎಂದು ಆ ತಂದೆ ನಿರಾಕರಿಸಿದ ವೃತ್ತಾಂತ ಮಡಿಕೇರಿಯ ಬಾಲಕರಿಗೂ ಬಾಯಿಪಾಠ. ಆ ಮಗ ೧೯೬೬ರ ಜನವರಿಯಲ್ಲಿ ಮನೆಗೆ ಬಂದರು. ಅದಕ್ಕೆ ಮೊದಲೇ, ಡಿಸೆಂಬರ್ ೧೮ರಂದು, ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದ ಜನರಲ್ ತಿಮ್ಮಯ್ಯನವರು ತೀರಿಕೊಂಡು, ಅವರ ಶರೀರವನ್ನು ಬೆಂಗಳೂರಿಗೆ ತಂದಾಗ ಬೀದಿಯ ಇಕ್ಕೆಲಗಳಲ್ಲಿ ನೆರೆದ ಜನಸಾಗರದಲ್ಲಿ ನಾನೂ ಒಬ್ಬನಾಗಿ ನಿಂತಿದ್ದೆನು. ದೊಡ್ಡವರ ಸಾವಿಗೆ ಸಲ್ಲಬೇಕಾದ ಗೌರವ ಅಂದು ಸಂದಿತು, ಸಲ್ಲಲೇಬೇಕಾದುದು. ಪಕ್ಕದಲ್ಲಿ ನಿಂತಿದ್ದ ಕೊಡವ ಹಿರಿಯರೊಬ್ಬರು ಮೆಲ್ಲಗೆ, “ಅಜ್ಜಮಾಡದವರ ಹುಡುಗನ ಸಮಾಚಾರ ಏನಾದರೂ ಬಂತೋ ಮಗು, ನೀನು ವಾಯುಸೇನೆಯವನಲ್ಲವೊ?” ಎಂದು ನನ್ನನ್ನು ಕೇಳಿದರು. ನನ್ನ ಸಮವಸ್ತ್ರವನ್ನು ನೋಡಿ ಕೇಳಿದ್ದರು. “ಇಲ್ಲ ಅಜ್ಜ” ಎಂದಷ್ಟೇ ನಾನು ಹೇಳಬಲ್ಲವನಾಗಿದ್ದೆ. ದೇವಯ್ಯನವರ ಹೆಸರನ್ನು ನಾನು ಮನಸ್ಸಿಟ್ಟು ಕೇಳಿದುದು ಅದೇ ಮೊದಲು.

ಉತ್ತರವಿದ್ದುದು ಗಡಿಯ ಆಚೆಗೆ. ಅಂದು ಬೆಳಿಗ್ಗೆ ದೇವಯ್ಯನವರ ಮಿಸ್ಟೇರಿನ ಬೆನ್ನು ಹತ್ತಿದವರು ಸ್ಟಾರ್‌ಫೈಟರಿನಲ್ಲಿದ್ದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರು. ಅವರು ಬಿಟ್ಟ ಕ್ಷಿಪಣಿ ಗುರಿತಪ್ಪಿತು. ಬಳಿಕ ಫಿರಂಗಿಯಿಂದ ಹೊಡೆದರು, ಮಿಸ್ಟೇರಿಗೆ ಪೆಟ್ಟು ತಗುಲಿತು. ತಮ್ಮ ಬೇಟೆ ಮುಗಿಯಿತೆಂದು ಅವರು ತಿಳಿದಿರುವಾಗಲೇ, ಗಾಯಗೊಂಡ ಮಿಸ್ಟೇರ್ ಗಡಿಯ ಕಡೆಗೆ ಓಡುವುದನ್ನು ಬಿಟ್ಟು ಅವರ ಕಡೆಗೇ ತಿರುಗಿತು. ಸ್ಟಾರ್‌ಫೈಟರಿನ ರೆಕ್ಕೆಗಳು ಮೊಟಕು, ತೆಳು. ನೇರವಾದ ಓಟಕ್ಕೆ ಮಾಡಿದವು. ನೆಲದ ಹತ್ತಿರದಲ್ಲಿ, ಕಡಿಮೆ ವೇಗದಲ್ಲಿ, ಗಿರಕಿ ಹೊಡೆಯುವ ಕಾಳಗದಲ್ಲಿ ಅದರ ಮೇಲುಗೈ ತಪ್ಪಿಹೋಗುವುದು. ಇತರರಿಗೆ ಹಾರುವುದನ್ನು ಕಲಿಸಿದ್ದ ದೇವಯ್ಯನವರಿಗೆ ಈ ಮರ್ಮ ತಿಳಿಯದೆ ಇರಲಿಲ್ಲ. ಮಿಸ್ಟೇರಿನ ಫಿರಂಗಿಗಳ ಗುಂಡುಗಳು ಸ್ಟಾರ್‌ಫೈಟರನ್ನು ಹೊಕ್ಕವು. ಅಮ್ಜದರು ಆಸನಸಹಿತ ಹೊರಕ್ಕೆ ಚಿಮ್ಮಿ ಛತ್ರಿಯ ಸಹಾಯದಿಂದ ಬದುಕಿಕೊಂಡರು. ದೇವಯ್ಯನವರ ವಿಮಾನ ಅಲ್ಲಿಯೇ ಬಿದ್ದಿತು. ಆ ಸೀಮೆಯ ಹಳ್ಳಿಗರು ಅವರ ಶರೀರವನ್ನು ಕಂಡು ತಮ್ಮ ಹೊಲದ ಮಣ್ಣಿನಲ್ಲಿ ಹೂಳಿದರು.

ನನ್ನನ್ನು ಬಹುಕಾಲ ಕಾಡಿದ ಸಂಗತಿಯೊಂದಿದೆ. ೧೯೭೧ರ ಯುದ್ಧದಲ್ಲಿ, ಡಿಸೆಂಬರ್ ೫ರಂದು, ಇದೇ ಅಮ್ಜದ್ ಹುಸೇನರು ಅಮೃತಸರದ ರೇಡಾರಿನ ಮೇಲೆ ದಾಳಿಗೆ ಬಂದಾಗ ನಮ್ಮ ವಿಮಾನವಿರೋಧಿ ತೋಪಿಗೆ ಸಿಕ್ಕಿ ಸೆರೆಯಾದರು. ಆಗ ನಾನು ಪಶ್ಚಿಮದ ಒಂದು ನೆಲೆಯಲ್ಲಿ ಮಿಸ್ಟೇರುಗಳ ಸೇವೆಯಲ್ಲಿದ್ದೆ. ಹೀಗೊಂದು ಸ್ಟಾರ್‌ಫೈಟರ್ ಬಿತ್ತೆಂದು ಕೇಳಿ ನಾವು ಸಂತೋಷಪಟ್ಟೆವು. ದೇವಯ್ಯನವರ ಕಟ್ಟಕಡೆಯ ನಿಮಿಷಗಳನ್ನು ಕಂಡಿದ್ದ ಏಕಮಾತ್ರ ವ್ಯಕ್ತಿ ನಮ್ಮ ನೆಲದ ಮೇಲೆಯೇ, ನಮ್ಮ ಕಾವಲಿನಲ್ಲಿಯೇ ಇದ್ದು, ಯುದ್ಧಾನಂತರ ತನ್ನ ದೇಶಕ್ಕೆ ಮರಳಿಹೋದರು. ಆ ಪ್ರಶ್ನೆಯನ್ನು ಅವರಲ್ಲಿ ಕೇಳಬೇಕೆಂಬುದು ಯಾರಿಗೆ ತಾನೆ ತಿಳಿದಿತ್ತು!

ಬ್ರಿಟಿಷ್ ಲೇಖಕ ಜಾನ್ ಫ್ರಿಕರರು ೧೯೬೫ರ ವಾಯುಯುದ್ಧವನ್ನು ಕುರಿತು, ಪಾಕಿಸ್ತಾನದ ವಾಯುಸೇನೆಯ ನೆರವಿನಿಂದ ಬರೆದ ಗ್ರಂಥ ೧೯೭೯ರಲ್ಲಿ ಪ್ರಕಟವಾಯಿತು. ಆ ಸ್ಟಾರ್‌ಫೈಟರನ್ನು ಉರುಳಿಸಿದುದು ಒಂದು ಮಿಸ್ಟೇರ್ ಎಂಬುದು ಅದರಿಂದ ಹೊರಬಿದ್ದಿತು. ಅಂದು ಆ ಭಾಗದಲ್ಲಿ ಕಳೆದುಹೋದ ಮಿಸ್ಟೇರ್ ದೇವಯ್ಯನವರದು. ಎರಡು ದೇಶಗಳ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸತ್ಯ ತಾನಾಗಿ ನಿಂತಿತು. ಅವರ ದಳಪತಿಗಳಾಗಿದ್ದ ತನೇಜರು ನಿವೃತ್ತರಾದ ಮೇಲೂ ತಮ್ಮ ಸಹಯೋಧನನ್ನು ಮರೆಯದೆ ಈ ವಿಷಯವನ್ನು ಸರ್ಕಾರದ ಗಮನಕ್ಕೆ ತಂದರು. ೧೯೮೮ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ದೊರಕಿತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಇಪ್ಪತ್ತಮೂರು ವರ್ಷಗಳು! ತಂದೆಯ ಹೆಗಲನ್ನೇರಿ ಆಡುವ ವಯಸ್ಸಿನ ಹೆಣ್ಣುಮಕ್ಕಳು ಆ ಅವಧಿಯಲ್ಲಿ ಶಾಲೆಯನ್ನು ಮುಗಿಸಿ ದೊಡ್ಡವರಾದರು. ಮಗುವಿನ ಜ್ವರ, ಶಾಲೆಯ ಪ್ರಗತಿಪತ್ರಕ್ಕೆ ಹಾಕಬೇಕಾದ ಸಹಿ, ಮದುವೆಯ ಮಾತುಕತೆ, ಹಬ್ಬದ ದಿನ ಖಾಲಿ ಕಾಣುವ ಮಣೆ, ಇಂತಹುದೆಲ್ಲವನ್ನೂ ಒಬ್ಬಳೇ ನಡೆಸಿದ ಹೆಣ್ಣಿನ ಸಹನೆಗೆ ಯಾವ ಪದಕವನ್ನೂ ಯಾವ ಸರ್ಕಾರವೂ ಮಾಡಿಸಿಲ್ಲ. ಯುದ್ಧದ ಕಥೆಗಳನ್ನು ಬರೆಯುವವರು ಎಷ್ಟು ವಿಮಾನ ಬಿದ್ದವು, ಎಷ್ಟು ಟ್ಯಾಂಕು ಉರಿದವು ಎಂದು ಎಣಿಸುತ್ತಾರೆ. ಮನೆಯಲ್ಲಿ ಉಳಿದವರ ವರ್ಷಗಳನ್ನು ಎಣಿಸುವವರು ಅಪರೂಪ. ನನ್ನ ಮಾತಿಗೆ ಬೆಲೆ ಇರುವುದಾದರೆ ನಾನು ಹೇಳುವುದು ಇಷ್ಟೇ: ದೇವಯ್ಯನವರು ಗಾಯಗೊಂಡ ವಿಮಾನವನ್ನು ಶತ್ರುವಿನ ಕಡೆಗೆ ತಿರುಗಿಸಿದ ಆ ಕೆಲವು ಕ್ಷಣಗಳೂ ಅವರ ಮನೆಯವರು ಉತ್ತರವಿಲ್ಲದೆ ಬದುಕಿದ ಆ ಇಪ್ಪತ್ತಮೂರು ವರ್ಷಗಳೂ ಒಂದೇ ಚರಿತ್ರೆಯ ಎರಡು ಪುಟಗಳು, ಒಂದನ್ನು ಓದಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಮತ್ತೊಂದು ಮಾತನ್ನು ಹೇಳದೆ ಇರಲಾರೆ. ಅಮ್ಜದರಾಗಲಿ, ಅವರ ಸೇನೆಯವರಾಗಲಿ, ಆ ದ್ವಂದ್ವವನ್ನು ತಮ್ಮ ಕಾಗದಗಳಲ್ಲಿ ಬರೆದಿಡದಿದ್ದರೆ ದೇವಯ್ಯನವರ ಸಾಹಸ ಆ ಹೊಲದ ಮಣ್ಣಿನೊಡನೆಯೇ ಮುಚ್ಚಿಹೋಗುತ್ತಿತ್ತು. ತನ್ನನ್ನು ಬೀಳಿಸಿದವನ ಪರಾಕ್ರಮಕ್ಕೆ ಸಾಕ್ಷಿಯಾದ ಎದುರಾಳಿಯನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ದೇವಯ್ಯನವರನ್ನು ಹೂಳಿದ ಹಳ್ಳಿಗರನ್ನೂ ನೆನೆಯುತ್ತೇನೆ.

ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಈಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿದೆ. ಆ ದಾರಿಯಾಗಿ ಸಂತೆಗೂ ಆಸ್ಪತ್ರೆಗೂ ನಡೆಯುವ ಜನರೊಡನೆ ನಾನೂ ಈ ವಯಸ್ಸಿನಲ್ಲಿ ನಡೆದುಹೋಗುತ್ತೇನೆ. ಅವರಲ್ಲಿ ಬಹುಮಂದಿಯ ಮನೆಯ ಅಟ್ಟದ ಮೇಲೆ ಸೇನೆಯ ಕಪ್ಪು ಟ್ರಂಕೊಂದು ಇದ್ದೇ ಇರುವುದೆಂದು ಬಲ್ಲೆ. ಅದರೊಳಗೆ ತಂದೆಯದೋ ದೊಡ್ಡಪ್ಪನದೋ ಕಾಗದಗಳು, ಹಾರಾಟದ ಪುಸ್ತಕ, ಹಳದಿಯಾದ ತಂತಿ ಇರಬಹುದು. ಓದುಗರಲ್ಲಿ ನನ್ನ ಪ್ರಾರ್ಥನೆ: ಅವನ್ನು ರದ್ದಿಗೆ ಹಾಕಬೇಡಿ. ಟ್ರಂಕನ್ನು ಕೆಳಗಿಳಿಸಿ, ಒಂದೊಂದನ್ನೂ ಬಿಡಿಸಿ ಓದಿ. ಆ ಮನೆಯ ಹಿರಿಯ ಹೆಂಗಸರು ಇನ್ನೂ ಇದ್ದರೆ ಅವರ ಬಳಿ ಕುಳಿತು, ಅವರು ಹೇಳುವುದನ್ನು ಇಸವಿ, ಊರು, ಹೆಸರುಗಳ ಸಮೇತ ಈ ವರ್ಷವೇ ಬರೆದಿಡಿ.